ಎರಡು ಬೆರಳು ಅಂಚು

ಅಕ್ಷರ ದುಂಡಗಿಲ್ಲ, ಮಾತು ಜೋಡಿಸಲೂ ಅಷ್ಟಾಗಿ ಬರುವುದಿಲ್ಲ. ಓದುವವರು ದಯವಿಟ್ಟು ಕ್ಷಮಿಸಬೇಕು. ಇದು ನಾಲ್ಕನೆಯ ಪ್ರತಿ. ಮೂರನೆಯದು ಇದಕ್ಕಿಂತ ಚೆನ್ನಾಗಿತ್ತು, ಆದರೆ ಅದರ ಮೇಲೆ ಅಪ್ಪ ಚಹಾ ಲೋಟ ಇಟ್ಟುಬಿಟ್ಟರು. ಈ ಕಥೆಯಲ್ಲಿ ಬರುವ ದೊಡ್ಡವಳು ನಾನೇ. ಆದರೂ ಪಟ್ಟ ಪಾಡೆಲ್ಲ ಅಮ್ಮನದಾದ್ದರಿಂದ ಅಮ್ಮನ ಕಡೆಯಿಂದಲೇ ಹೇಳುವುದು ನ್ಯಾಯ ಅನ್ನಿಸಿತು. (ಅಮ್ಮನನ್ನು ಕೇಳಿಯೇ ಬರೆದಿದ್ದೇನೆ. ಬರಿ, ಆದರೆ ಈ ವರ್ಷವೇ ಮುಗಿಸು ಅಂದಳು.)

ಅಮ್ಮನಿಗೆ ಬಿಳಿ ಬಣ್ಣ ಕಂಡರೇ ಸುಸ್ತು. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ದಿನವಿಡೀ ನಿಂತು, ಬಿಳಿ ಹಾಸುಗಳನ್ನು ಒಗೆದು, ಇಸ್ತ್ರಿ ಮಾಡಿ, ಮಡಿಸಿಟ್ಟು, ಬಸ್ಸಿನಲ್ಲೂ ನಿಂತುಕೊಂಡೇ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಚಿಕ್ಕವಳು ಇನ್ನೊಂದು ಬಿಳಿ ಹಾಳೆ ಹಿಡಿದು ಎದುರಿಗೆ ನಿಂತಿದ್ದಳು. ರಜೆ ಮುಗಿದು ಶಾಲೆ ಶುರುವಾದ ವಾರದ ಗುರುವಾರ ಅದು.

ಚಿಕ್ಕವಳು ಐದನೇ ಕ್ಲಾಸು. ಡ್ರಾಯಿಂಗ್ ಟೀಚರು ಕ್ಲಾಸಿನ ನಲವತ್ತೆರಡು ಮಕ್ಕಳಿಗೂ ಒಂದೊಂದು ದಪ್ಪ ಹಾಳೆ ಕೊಟ್ಟಿದ್ದರು. ನಿಮ್ಮ ಸ್ಕೂಲ್ ಬ್ಯಾಗು ಮನೆಯಲ್ಲಿ ಹೇಗಿದೆಯೋ ಹಾಗೇ ನೋಡಿ ಬಿಡಿಸಬೇಕು. ಪೆನ್ನಿನಲ್ಲೇ. ರಬ್ಬರ್ ಮುಟ್ಟುವಂತಿಲ್ಲ, ಎರಡನೇ ಹಾಳೆ ಕೇಳುವಂತಿಲ್ಲ. ನಾಲ್ಕೂ ಕಡೆ ಎರಡು ಬೆರಳು ಬಿಟ್ಟು ಅಂಚಿನ ಗೆರೆ ಹಾಕಬೇಕು. ಸೋಮವಾರ ಎಲ್ಲವನ್ನೂ ಒಟ್ಟುಮಾಡಿ, ಆಮೇಲೆ ವರಾಂಡದ ಗೋಡೆಯುದ್ದಕ್ಕೂ ಒಂದರ ಪಕ್ಕ ಒಂದು ಅಂಟಿಸುತ್ತಾರೆ. ತರದವರ ಜಾಗವನ್ನು ಖಾಲಿ ಬಿಟ್ಟು ಕೆಳಗೆ ಹೆಸರು ಮಾತ್ರ ಬರೆಯುತ್ತಾರೆ. ಈ ಕೊನೆಯ ಮಾತನ್ನು ಚಿಕ್ಕವಳು ಎರಡು ಸಲ ಹೇಳಿದಳು.

"ಹತ್ತು ನಿಮಿಷದ ಕೆಲಸ. ಕೂತು ಬಿಡಿಸಿ ಎದ್ದೇಳು," ಅಂದಳು ಅಮ್ಮ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಚಿಕ್ಕವಳು, "ಅಕ್ಕಾ, ಅಂಚು ಮಾತ್ರ ನೀನು ಹಾಕಿಕೊಡೇ, ನಂದು ಸೊಟ್ಟ ಆಗುತ್ತೆ," ಅಂದುಬಿಟ್ಟಳು. ಅಮ್ಮ ಅಡುಗೆಮನೆಯಿಂದ ಓಡಿ ಬರುವಷ್ಟರಲ್ಲಿ ದೊಡ್ಡವಳು ಕೈ ತೊಳೆಯಲು ಹೋಗಿಯಾಗಿತ್ತು.

ದೊಡ್ಡವಳ ನಾಜೂಕು ಮನೆಮಂದಿಗೆಲ್ಲ ಗೊತ್ತು. ಬೀನ್ಸ್ ಹೆಚ್ಚಲು ಕೊಟ್ಟರೆ ಎಲ್ಲ ತುಂಡೂ ಒಂದೇ ಅಳತೆ. ಮಧ್ಯಾಹ್ನದ ಊಟ ಮಾತ್ರ ಸಂಜೆಗೆ.

ಮೊದಲು ಬ್ಯಾಗಿನ ಸಿಂಹಾಸನಾರೋಹಣ ನಡೆಯಿತು. ಕಿಟಕಿಯ ಬೆಳಕು ಸರಿಯಾಗಿ ಬೀಳುವುದು ಅಮ್ಮನ ಕುರ್ಚಿಯ ಮೇಲೆ. ಮನೆಯಲ್ಲಿ ಬೆನ್ನಿಗೆ ಆಸರೆಯಿರುವ ಕುರ್ಚಿ ಅದೊಂದೇ. ಬ್ಯಾಗನ್ನು ಅದರಲ್ಲಿ ಕೂರಿಸಿ, ಕುರ್ಚಿ ಅಲುಗದಂತೆ ನಾಲ್ಕೂ ಕಾಲಿನ ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದಾಯಿತು. ಅಂಚು ಮುಗಿದು ಚಿತ್ರ ಬಿಡಿಸುವವರೆಗೆ ಯಾರೂ ಮುಟ್ಟಬಾರದು, ಪಟ್ಟಿ ಬಿದ್ದಿರುವ ರೀತಿ ಬದಲಾಗುತ್ತದೆ ಎಂಬ ಆಜ್ಞೆ ಹೊರಟಿತು. ಒಳಗಿದ್ದ ಊಟದ ಡಬ್ಬಿಯನ್ನೂ ತೆಗೆಯುವಂತಿಲ್ಲ, ತೆಗೆದರೆ ಬ್ಯಾಗಿನ ಹೊಟ್ಟೆ ಒಳಗೆ ಹೋಗುತ್ತದೆ. ಶುಕ್ರವಾರ ಚಿಕ್ಕವಳು ಪುಸ್ತಕಗಳನ್ನು ತರಕಾರಿ ಚೀಲದಲ್ಲಿ ಹಾಕಿಕೊಂಡು ಹೋದಳು. ಅಮ್ಮ ನಿಂತುಕೊಂಡೇ ಚಹಾ ಕುಡಿದಳು.

ಮುಖ್ಯ ಪ್ರಶ್ನೆ ಹುಟ್ಟಿದ್ದು ಗುರುವಾರ ರಾತ್ರಿಯೇ. ಎರಡು ಬೆರಳು ಅಂದರೆ ಯಾರ ಬೆರಳು?

"ಬೆರಳು ಅಂದ್ರೆ ಬೆರಳು ಕಣಮ್ಮ, ಎಲ್ಲರ ಕೈಯಲ್ಲೂ ಇರುತ್ತೆ," ಅಂದರು ಅಪ್ಪ. ಬಸ್ಸು ಓಡಿಸುವವರು, ಅಂಗುಲದ ಲೆಕ್ಕವೆಲ್ಲ ಅವರಿಗೆ ಕಣ್ಣಳತೆ.

ದೊಡ್ಡವಳು ಒಪ್ಪಲಿಲ್ಲ. ಅಳೆದು ತೋರಿಸಿದಳು. ಚಿಕ್ಕವಳದು ಕಡ್ಡಿ. ಅಪ್ಪನದು ಗೇರು ಹಿಡಿದು ಹಿಡಿದು ದಪ್ಪ. ಅಮ್ಮನದು ಬಿಸಿನೀರಿನಲ್ಲಿ ಊದಿಕೊಂಡು ಬೆಳಿಗ್ಗೆಗೊಂದು ಅಳತೆ, ಸಂಜೆಗೊಂದು ಅಳತೆ. ಕೊನೆಗೆ, ಹೇಳಿದವರ ಬೆರಳೇ ಪ್ರಮಾಣ ಎಂದು ತೀರ್ಮಾನವಾಗಿ ಚಿಕ್ಕವಳ ಕೈಗೆ ಒಂದು ತುಂಡು ದಾರ ಕೊಟ್ಟು ಕಳಿಸಲಾಯಿತು. ಟೀಚರು ಏನು ಎತ್ತ ಎಂದು ಕೇಳಿ, "ಅಕ್ಕ ಹೇಳಿದ್ದಾಳೆ" ಎಂಬ ಉತ್ತರ ಪಡೆದು, ಸುಮ್ಮನೆ ಎರಡು ಬೆರಳು ಚಾಚಿದರಂತೆ. ದಾರ ಎರಡು ಗಂಟಿನೊಡನೆ ಸಂಜೆ ಮನೆಗೆ ಬಂತು.

ಶನಿವಾರ ಹಳೆಯ ಪತ್ರಿಕೆಗಳ ಮೇಲೆ ಅಭ್ಯಾಸ. (ಆ ದಿನದ ಪತ್ರಿಕೆಯೂ ಹಳೆಯದರಲ್ಲಿ ಸೇರಿಹೋಯಿತು. ಪುಟಪುಟಕ್ಕೂ ಕಪ್ಪು ಚೌಕಟ್ಟು ಬಿದ್ದು, ಹವಾಮಾನ ವರದಿಯೂ ಶ್ರದ್ಧಾಂಜಲಿಯಂತೆ ಕಂಡಿತು ಎಂದರು ಅಪ್ಪ.) ಸಂಜೆಯ ಹೊತ್ತಿಗೆ ನಿಜವಾದ ಹಾಳೆಯ ಮೇಲೆ ಮೂರು ಗೆರೆ ಬಿದ್ದಿದ್ದವು. ನಾಲ್ಕನೆಯದಕ್ಕೆ ಬೆಳಕು ಸಾಲದು, ನಾಳೆ ಹಾಕುತ್ತೇನೆ ಎಂದಳು ದೊಡ್ಡವಳು. ಅಮ್ಮ ಗೋಡೆಗೆ ಒರಗಿ ನೆಲದ ಮೇಲೆ ಕೂತು ಕಾಲು ಒತ್ತಿಕೊಂಡಳು.

ಭಾನುವಾರ ಅಮ್ಮನಿಗೆ ಅರ್ಧ ದಿನದ ಕೆಲಸ. ಬರುವಾಗ ಅಪ್ಪ ಮಲಗಿದ್ದರು, ಮಕ್ಕಳಿಬ್ಬರೂ ಪೆನ್ನಿಗೆ ರೀಫಿಲ್ ತರಲು ಹೋಗಿದ್ದರು. ಬಾಗಿಲು ದಾಟುತ್ತಲೇ ಮೂಗಿಗೆ ಅಡರಿತು ಗುರುವಾರದ ಡಬ್ಬಿ. ಅಮ್ಮನ ಕೈಗೆ ಅಮ್ಮನ ಅಪ್ಪಣೆ ಬೇಕಿಲ್ಲ. ಡಬ್ಬಿ ತೆಗೆದು ತೊಳೆದು, ಬ್ಯಾಗನ್ನು ಬಕೆಟ್ಟಿನಲ್ಲಿ ನೆನೆಸಿ, ಉಜ್ಜಿ, ಹಿಂಡಿ, ಹಿತ್ತಲಿನ ತಂತಿಗೆ ತಲೆಕೆಳಗಾಗಿ ಎರಡು ಕ್ಲಿಪ್ಪು ಹಾಕಿ ನೇತುಹಾಕಿ, ಒಳಗೆ ಬಂದು ಖಾಲಿಯಿದ್ದ ಕುರ್ಚಿಯಲ್ಲಿ ಕೂತಳು. ಆಹಾ ಎನ್ನುತ್ತ ಬೆನ್ನು ಚಾಚಿದವಳು ಕೆಳಗೆ ನೋಡಿದಳು. ಕುರ್ಚಿಯ ಕಾಲುಗಳ ಸುತ್ತ ಸೀಮೆಸುಣ್ಣದ ಗುರುತು.

ಅಷ್ಟರಲ್ಲಿ ಮಕ್ಕಳು ಬಾಗಿಲಲ್ಲಿದ್ದರು.

"ಕೈ ತಾನಾಗೇ ಹೋಯ್ತು ಕಣೇ," ಅಂದಳು ಅಮ್ಮ.

ದೊಡ್ಡವಳು ಅಳಲಿಲ್ಲ. ದಾರ ಸುತ್ತಿಟ್ಟಳು, ಪೆನ್ನಿಗೆ ಮುಚ್ಚಳ ಹಾಕಿದಳು. ಆ ಟಕ್ ಎಂಬ ಸದ್ದು ಅಮ್ಮನಿಗೆ ಗುರುತಿನದು. ಹತ್ತನೇ ಕ್ಲಾಸಿನ ಪರೀಕ್ಷೆಯಿಂದ ಬಂದ ದಿನವೂ ಹೀಗೇ ಮುಚ್ಚಳ ಹಾಕಿದ್ದಳು. ಎಲ್ಲ ಪುಟಕ್ಕೂ ಅಂಚು ಹಾಕಿ, ಪ್ರಶ್ನೆಗಳ ಅಡಿಗೆ ಗೆರೆ ಎಳೆದು, ಗಂಟೆ ಹೊಡೆದಾಗ ಎರಡನೇ ಉತ್ತರದಲ್ಲಿದ್ದಳು. ಮತ್ತೆ ಕೂತಾಗಲೂ ಅದೇ ಆಯಿತು. ಮೂರನೇ ಸಲ ಹೋಗಲಿಲ್ಲ. ಅದೇ ಶಾಲೆ ಚಿಕ್ಕವಳದೂ. ಅಂದಿನಿಂದ ದೊಡ್ಡವಳು ಅಂಗಡಿಗೆ ಹೋಗುವುದಾದರೂ ಶಾಲೆಯ ಬೀದಿ ಬಿಟ್ಟು ಸುತ್ತುದಾರಿ ಹಿಡಿಯುತ್ತಾಳೆ. ಮನೆಯಲ್ಲಿ ಯಾರೂ ಆ ಮಾತು ಎತ್ತುವುದಿಲ್ಲ.

ಚಿಕ್ಕವಳು ಹಿತ್ತಲಿಗೆ ಹೋಗಿ ನೋಡಿಬಂದಳು. "ಮನೇಲಿ ಹೇಗಿದೆಯೋ ಹಾಗೆ ಅಂದಿದ್ದಾರೆ. ಈಗ ಹೀಗಿದೆ, ಅಷ್ಟೇ," ಎಂದು ಹಾಳೆ ಎತ್ತಿಕೊಂಡು, ಬಕೆಟ್ಟು ಬೋರಲು ಹಾಕಿ ತಂತಿಯ ಎದುರು ಕೂತಳು. ತಲೆಕೆಳಗಾದ ಬ್ಯಾಗು, ಜೋತುಬಿದ್ದ ಪಟ್ಟಿಗಳು, ತೆರೆದ ಬಾಯಿ, ತೊಟ್ಟಿಕ್ಕುವ ನೀರು. ಹತ್ತು ನಿಮಿಷ ಹಿಡಿಯಿತು. ಅಮ್ಮ ಗುರುವಾರವೇ ಹೇಳಿದ್ದ ಹತ್ತು ನಿಮಿಷ.

ಉಳಿದದ್ದು ನಾಲ್ಕನೆಯ ಗೆರೆ.

"ಒಂದು ಗಂಟೆ ಟೈಮು ಕೊಡಮ್ಮ," ಅಂದಳು ದೊಡ್ಡವಳು.

"ಕೊಡಲ್ಲ. ಸ್ಕೇಲು ನಾನು ಹಿಡೀತೀನಿ, ನೀನು ಎಳಿ. ಈಗಲೇ."

ದೊಡ್ಡವಳು ಎಳೆದಳು. ಪೆನ್ನು ನೆಟ್ಟಗೆ ಬಂದು, ಸ್ಕೇಲಿನಾಚೆ ಚಾಚಿದ್ದ ಅಮ್ಮನ ಊದಿದ ಬೆರಳನ್ನು ಹತ್ತಿ, ಇಳಿದು, ಮತ್ತೆ ನೆಟ್ಟಗೆ ಹೋಯಿತು. ಸ್ಕೇಲು ಎತ್ತಿದಾಗ ಗೆರೆಯ ಮಧ್ಯೆ ಸಣ್ಣದೊಂದು ಗುಡ್ಡ ಎದ್ದಿತ್ತು. ರಬ್ಬರ್ ಇಲ್ಲ, ಎರಡನೇ ಹಾಳೆ ಇಲ್ಲ. ಅಮ್ಮ ಬೆರಳು ಹಿಂದಕ್ಕೆಳೆದುಕೊಂಡಳು.

ದೊಡ್ಡವಳು ಬಗ್ಗಿ ಬಹಳ ಹೊತ್ತು ನೋಡಿದಳು. ಶಾಯಿ ಒಣಗಲೆಂದು ಮೆಲ್ಲಗೆ ಊದಿದಳು.

"ಇರಲಿ," ಅಂದಳು. "ಎರಡು ಬೆರಳು ಅಂದಿದ್ರು. ಇದರಲ್ಲಿ ಮೂರಾಯ್ತು."

ಸೋಮವಾರ ಹಾಳೆ ಹೋಯಿತು. ಸಂಜೆ ಚಿಕ್ಕವಳ ಕೈಯಲ್ಲಿ ಟೀಚರ ಚೀಟಿ ಬಂತು. ಅಮ್ಮ ಕುರ್ಚಿಯಲ್ಲಿ ಕೂತೇ ಗಟ್ಟಿಯಾಗಿ ಓದಿದಳು: ಉಳಿದ ನಲವತ್ತೊಂದು ಹಾಳೆಗಳಲ್ಲಿ ನಲವತ್ತೊಂದು ಬಗೆಯ ಬೆರಳುಗಳಿವೆ, ಯಾವುದೂ ಪಕ್ಕದ್ದಕ್ಕೆ ಕೂಡುತ್ತಿಲ್ಲ. ನನ್ನ ಬೆರಳಿನ ಅಳತೆ ತೆಗೆಸಿದವರು ಮುಂದಿನ ಸೋಮವಾರ ಹತ್ತು ಗಂಟೆಗೆ ಶಾಲೆಗೆ ಬಂದು, ಹಳೆಯ ಗೆರೆಗಳ ಮೇಲೆ ಬಿಳಿ ಕಾಗದದ ಪಟ್ಟಿ ಅಂಟಿಸಿ ಹೊಸ ಗೆರೆ ಹಾಕಿಕೊಟ್ಟರೆ ಉಪಕಾರ. ದಾರ ಮರೆಯಬಾರದು. ಗುಡ್ಡವಿರುವ ಗೆರೆಯನ್ನು ತಿದ್ದುವುದು ಬೇಡ.

ಅವರಿವರ ಕೆಲಸಕ್ಕೆ ಅಂಚು ಹಾಕಲು ಹೋಗಿ ದೊಡ್ಡವಳು ತಾನೇ ಸಿಕ್ಕಿಬಿದ್ದಿದ್ದಳು. ಮುಖ ಗೋಡೆಯ ಕಡೆ ತಿರುಗಿಸಿ, ನಾನು ಆ ಕಡೆ ಹೋಗಲ್ಲ ಅಂದಳು.

ಅಪ್ಪ ಲೆಕ್ಕ ಹಾಕುತ್ತಿದ್ದರು. "ನಲವತ್ತೊಂದು ನಾಲ್ಕಲಿ ನೂರ ಅರವತ್ತನಾಲ್ಕು ಗೆರೆ. ನಿನ್ನ ಕೈಲಿ ದಿನಕ್ಕೊಂದು ಅಂದ್ರೂ, ರಜೆ ಕಳೆದು ಹತ್ತಿರ ಹತ್ತಿರ ಒಂದು ವರ್ಷ ಸ್ಕೂಲಿಗೆ ಹೋದ ಹಾಗಾಯ್ತು ಬಿಡಮ್ಮ."

ಎರಡು ವರ್ಷದಿಂದ ಯಾರೂ ಎತ್ತದ ಮಾತು ಅದು. ಅಮ್ಮ ಗಾಬರಿಯಿಂದ ಅಪ್ಪನನ್ನು ನೋಡಿದಳು, ಆಮೇಲೆ ದೊಡ್ಡವಳನ್ನು. ಮೊದಲು ನಕ್ಕವರು ಯಾರೆಂದು ಬರೆಯುವುದಿಲ್ಲ.

"ಹೋಗಿ ಬಾ," ಅಂದಳು ಅಮ್ಮ, ಕಾಲು ಚಾಚಿಕೊಂಡು. "ಅಷ್ಟು ದಿನ ಕುರ್ಚಿನಾದ್ರೂ ನನಗಿರುತ್ತೆ."

ಇವತ್ತು ಭಾನುವಾರ. ಸ್ಕೇಲು, ದಾರ ಮತ್ತು ಎರಡು ಪೆನ್ನು ತೆಗೆದಿಟ್ಟಿದ್ದೇನೆ. ನಾಳೆ ಹತ್ತು ಗಂಟೆಗೆ ಶಾಲೆಗೆ ಹೋಗುತ್ತೇನೆ. ಹತ್ತಿರದ ದಾರಿಯಲ್ಲೇ ಹೋಗುತ್ತೇನೆ.