ಮುಹೂರ್ತ ಹೇಳಿದ ಪರಂಗಿ ಗಡಿಯಾರ

ಗಂಜಾಮಿನಲ್ಲಿ ಬಡಗಿ ಕೆಲಸ ಮಾಡಿಕೊಂಡಿದ್ದ ನನಗೆ ಗಡಿಯಾರದ ಹುಚ್ಚು ಹಿಡಿದದ್ದು ಹಿರೋಡೆಯ ಪಾಳ್ಯದಲ್ಲಿ. ಅಲ್ಲಿ ಬಿಡಾರ ಮಾಡಿದ್ದ ಪರಂಗಿ ದಂಡಿನ ಸರದಾರನೊಬ್ಬನಿಗೆ ಮಂಚ ಮಾಡಿಕೊಟ್ಟಿದ್ದೆ. ತನ್ನ ದೇಶಕ್ಕೆ ಹೊರಟಾಗ ಅವನು ತನ್ನ ಗಡಿಯಾರವನ್ನು ನನಗೆ ಕೊಟ್ಟ. ಕರಿಕಲ್ಲಿನ ಪೀಠ, ಅದರ ಮೇಲೆ ಹೊನ್ನಿನ ನೀರು ಕುಡಿದ ಒಂದು ಹೆಂಗಸಿನ ಗೊಂಬೆ, ಅವಳ ಕಾಲ ಬಳಿ ಎರಡು ಮುಳ್ಳು. ನಾನು ಸೋತುಹೋದೆ. ಅದೇ ಪಾಳ್ಯದಲ್ಲಿ ಎರಡನೆಯ ಗಡಿಯಾರಕ್ಕೆ ಒಂದು ಬೀಟೆಮರದ ಪೆಟ್ಟಿಗೆ ಕೊಟ್ಟೆ. ಮೂರನೆಯದಕ್ಕೆ ಹೆಂಡತಿಯ ತವರಿನ ತೊಟ್ಟಿಲು ಹೋಯಿತು.

ಪಡಸಾಲೆಯ ಗೋಡೆಗೆ ಹಲಗೆ ಬಡಿದು ಮೂರನ್ನೂ ಸಾಲಾಗಿ ಕೂರಿಸಿದೆ. ಮೂರೂ ಮೂರು ಹೊತ್ತು ತೋರಿಸುತ್ತಿದ್ದವು. ಅದನ್ನು ನಾನು ಶ್ರೀಮಂತಿಕೆ ಎಂದುಕೊಂಡೆ. ಹೆಂಡತಿ ಪುಟ್ಟಮ್ಮ ಮಾತ್ರ, "ಒತ್ತು ನೋಡಾಕೆ ಮ್ಯಾಲೆ ಸೂರ್ಯ ಅವ್ನೆ. ಅವ್ನಿಗೆ ಯಾರೂ ಕೀಲಿ ತಿರುಗಿಸ್ಬೇಕಾಗಿಲ್ಲ" ಎಂದಳು. ಹೆಂಗಸರಿಗೆ ಇಂಥ ಸೂಕ್ಷ್ಮ ತಿಳಿಯುವುದಿಲ್ಲವೆಂದು ಕ್ಷಮಿಸಿದೆ.

ಅಷ್ಟರಲ್ಲಿ ಮಗಳು ನಿಂಗಮ್ಮನಿಗೆ ನಾಗಮಂಗಲದ ಕಂಚುಗಾರರ ಮನೆಯ ಸಂಬಂಧ ಕೂಡಿಬಂತು. ಸೂರ್ಯ ಹುಟ್ಟಿ ಐದು ಗಳಿಗೆಗೆ ಮುಹೂರ್ತ. ಮದುವೆಯ ಬೆಳಿಗ್ಗೆ ಜೋಯಿಸರು ಎಂದಿನಂತೆ ಗಳಿಗೆ ಬಟ್ಟಲು ತಂದರು. ತಳದಲ್ಲಿ ತೂತಿರುವ ಆ ಬಟ್ಟಲನ್ನು ನೀರಿನ ಮೇಲೆ ಬಿಟ್ಟರೆ, ಅದು ಮುಳುಗುವಷ್ಟರಲ್ಲಿ ಒಂದು ಗಳಿಗೆ. ಮೂರು ಗಡಿಯಾರವಿರುವ ಮನೆಯಲ್ಲಿ ತೂತು ಬಟ್ಟಲು ತೇಲಿಸುವುದು ನಮ್ಮ ಘನತೆಗೆ ಕುಂದೆಂದು ನಾನು ಅವರಿಗೆ ವಿನಯದಿಂದಲೇ ತಿಳಿಸಿದೆ. ಅವರು ಬಟ್ಟಲನ್ನು ಚೀಲಕ್ಕೆ ಹಾಕಿಕೊಂಡರು.

ಅಲ್ಲಿಗೆ ಸುಮ್ಮನಿದ್ದೆನೇ? ಬೀಗರಿಗೆಲ್ಲ ಕಾಣಲಿ ಎಂದು ಹೆಂಗಸಿನ ಗಡಿಯಾರವನ್ನು ಹೊತ್ತು ತಂದು ಚಪ್ಪರದಲ್ಲಿ ಒರಳುಕಲ್ಲಿನ ಮೇಲೆ ಇಟ್ಟೆ. ಕಲ್ಲು ಒಂದು ಕಡೆ ವಾಲಿತ್ತು. ವಾಲಿದರೆ ಗಡಿಯಾರ ನಿಂತುಹೋಗುತ್ತದೆಂದು ಆ ಸರದಾರ ಹೇಳಿರಲಿಲ್ಲ. ಹೇಳಿದ್ದನೋ ಏನೋ, ಅವನ ಭಾಷೆ ನನಗೆ ಬರುತ್ತಿರಲಿಲ್ಲ.

ವಾಲಗ ಜೋರಾಗಿತ್ತು. ಬೀಗರು ಹೊತ್ತಾಯಿತೇ ಎಂದು ಎರಡು ಸಲ ಕೇಳಿದರು. ಎರಡು ಸಲವೂ ನಾನು ಮುಳ್ಳು ತೋರಿಸಿ, ಇನ್ನೂ ಬೇಕಾದಷ್ಟಿದೆ ಎಂದೆ. ಬಿಸಿಲು ಚಪ್ಪರದ ಮೂರನೆಯ ಕಂಬ ದಾಟಿದೆಯೆಂದು ಜೋಯಿಸರು ಪಿಸುಗುಟ್ಟಿದರು. ಈ ದಿನ ಸೂರ್ಯನ ಲೆಕ್ಕವೇ ತಪ್ಪಿರಬಹುದೆಂದು ಗಂಭೀರವಾಗಿ ಉತ್ತರ ಕೊಟ್ಟೆ!

ವಾಲಗದವರು ಎಲೆಯಡಿಕೆಗೆಂದು ನಿಲ್ಲಿಸಿದರು. ಚಪ್ಪರವೆಲ್ಲ ನಿಶ್ಶಬ್ದ. ಗಡಿಯಾರವೂ ನಿಶ್ಶಬ್ದ.

ಬೀಗರು ಬಗ್ಗಿ ಅದಕ್ಕೆ ಕಿವಿಕೊಟ್ಟರು. ಆಮೇಲೆ ಜೋಯಿಸರ ಮುಖ ನೋಡಿದರು. ಐದಲ್ಲ, ಒಂಬತ್ತು ಗಳಿಗೆ ಕಳೆದಿದೆ ಎಂದರು ಜೋಯಿಸರು.

"ಆಚಾರ್ರೇ, ಗೊಂಬೆ ನೋಡ್ಕಂಡು ಮಗಳ ಮೂರ್ತ ಕಳೆದೋರು ನೀವು," ಎಂದರು ಬೀಗರು. "ಇಂತಾ ಮನೆ ಎಣ್ಣು ನಮ್ಗೆ ಬ್ಯಾಡ. ಬತ್ತೀವಿ."

ಗಾಡಿ ಕಟ್ಟಿಯೇಬಿಟ್ಟರು. ದಿಕ್ಕು ತೋಚದೆ ಗಡಿಯಾರಕ್ಕೊಂದು ಗುದ್ದು ಕೊಟ್ಟೆ. ಆಗ ಅದಕ್ಕೆ ಜೀವ ಬಂತು. ಹದಿನೇಳು ಸಲ ಗಂಟೆ ಹೊಡೆಯಿತು. ನಾಗಮಂಗಲದ ಗಾಡಿಗಳು ಬೀದಿಯ ತಿರುವು ದಾಟುವವರೆಗೂ ಹೊಡೆಯಿತು. ಬಾಸಿಂಗ ಕಟ್ಟಿಕೊಂಡು ಹಸೆಯ ಮೇಲೆ ಕೂತಿದ್ದ ನಿಂಗಮ್ಮ ಅಳಲಿಲ್ಲ. "ಅಪ್ಪಯ್ಯ, ಅದ್ನ ನಿಲ್ಸು" ಎಂದಳು. ನಿಲ್ಲಿಸುವುದು ಹೇಗೆಂದೂ ನನಗೆ ಗೊತ್ತಿರಲಿಲ್ಲ.

ಎರಡು ವರ್ಷ ಯಾರೂ ನಮ್ಮ ಹೊಸಿಲು ತುಳಿಯಲಿಲ್ಲ. ಕೊನೆಗೆ ಅವಳನ್ನು ಎರಡು ಮಕ್ಕಳಿದ್ದ ಒಬ್ಬನಿಗೆ ಎರಡನೆಯ ಸಂಬಂಧವಾಗಿ ಕೊಟ್ಟೆವು. ಆ ಮದುವೆಯಲ್ಲಿ ಹೊತ್ತು ಎಷ್ಟಾಯಿತೆಂದು ನನ್ನನ್ನು ಯಾರೂ ಕೇಳಲಿಲ್ಲ. ತವರಿಗೆ ಬಂದಾಗಲೆಲ್ಲ ನಿಂಗಮ್ಮ ಹಿತ್ತಲ ಬಾಗಿಲಿಂದಲೇ ಬರುತ್ತಾಳೆ. ಪಡಸಾಲೆಗೆ ಕಾಲಿಡುವುದಿಲ್ಲ.

ಪಕ್ಕದ ಪಟ್ಟಣದ ಕೋಟೆ ಶತ್ರುಗಳ ಕೈಗೆ ಬಿದ್ದ ವಾರ ಸೂರೆ ಹೊಡೆಯುವವರು ನಮ್ಮ ಮನೆಗೂ ನುಗ್ಗಿದರು. ಹಂಡೆ ಹೊತ್ತರು, ಕೊಳದಪ್ಪಲೆ ಹೊತ್ತರು, ನನ್ನ ಬಾಚಿ ಉಳಿಯನ್ನೂ ಬಿಡಲಿಲ್ಲ. ಇನ್ನು ಆ ದರಿದ್ರ ಗಡಿಯಾರಗಳೂ ತೊಲಗುತ್ತವೆಂದು ಮೂಲೆಯಲ್ಲಿ ನಿಂತು ಕಾಯುತ್ತಿದ್ದೆ. ಅವರಲ್ಲೊಬ್ಬ ಆ ಹೆಂಗಸಿನ ಗಡಿಯಾರವನ್ನು ಎತ್ತಿದ, ಅಲ್ಲಾಡಿಸಿದ, ಕಿವಿಗಿಟ್ಟುಕೊಂಡ; ಅದು ಟಿಕ್ ಎನ್ನಲಿಲ್ಲ. ನನ್ನತ್ತ ಒಮ್ಮೆ ಮರುಕದಿಂದ ನೋಡಿ, ಅದನ್ನು ಜೋಪಾನವಾಗಿ ಹಲಗೆಯ ಮೇಲೇ ಇಟ್ಟು ಹೋದ.