ಬೆಂಚಿಗೆ ಬಾರದ ಡಾಕ್ಟರು

ಒಬ್ಬರ ತಪ್ಪನ್ನು ಅವರ ಮುಖ ನೋಡಿ ಹೇಳುವ ಶಕ್ತಿಯನ್ನು ದೇವರು ನನಗೆ ಕೊಟ್ಟಿಲ್ಲ. ಬೆನ್ನ ಹಿಂದೆ ಹೇಳುವ ಶಕ್ತಿಯನ್ನು ಮಾತ್ರ ಧಾರಾಳವಾಗಿ ಕೊಟ್ಟಿದ್ದಾನೆ. ದುಬೈಯ ಡಿಸ್ಕವರಿ ಗಾರ್ಡನ್ಸ್‌ನ ನಮ್ಮ ಫ್ಲಾಟಿನ ಬಾಗಿಲೆದುರು ಪಕ್ಕದ ಮನೆಯವರು ತಮ್ಮ ಚಪ್ಪಲಿ ಸ್ಟ್ಯಾಂಡ್ ಇಟ್ಟಿದ್ದರು. ಹನ್ನೊಂದು ತಿಂಗಳು ನಾನದನ್ನು ದಾಟಿ ದಾಟಿ ಒಳಗೆ ಹೋದೆ, ಹೊರಗೆ ಬಂದೆ. ಎದುರಿಗೆ ಸಿಕ್ಕಾಗ ನಕ್ಕೆ. ಮನೆ ಖಾಲಿ ಮಾಡಿ ಹೋಗುವಾಗ ಅವರು, "ನಿಮಗೆ ಇದು ಇಷ್ಟ ಅಂತ ಕಾಣ್ತದೆ, ಇಟ್ಟುಕೊಳ್ಳಿ" ಎಂದು ಸ್ಟ್ಯಾಂಡನ್ನು ನಮಗೇ ಬಿಟ್ಟು ಹೋದರು. ನಾನು ಥ್ಯಾಂಕ್ಸ್ ಹೇಳಿದೆ. ನಮ್ಮ ಕರಾವಳಿಯಲ್ಲಿ ಇದಕ್ಕೆ ದಾಕ್ಷಿಣ್ಯ ಎನ್ನುತ್ತಾರೆ. ನನ್ನ ಹೆಂಡತಿ ರೇಖಾ ಬೇರೆ ಶಬ್ದ ಬಳಸುತ್ತಾಳೆ.

ಇಂಥ ನಾನು ಐಸ್ ಹಾಕಿ ಆಡತೊಡಗಿದೆ. ಹೊರಗೆ ನಲವತ್ತಾರು ಡಿಗ್ರಿ ಬಿಸಿಲಿರುವ ಊರಿನಲ್ಲಿ, ಕಾಪುವಿನ ಕಡಲ ಬದಿಯಲ್ಲಿ ಹುಟ್ಟಿದವನು, ನಲವತ್ತೆರಡನೆಯ ವಯಸ್ಸಿನಲ್ಲಿ, ಮಂಜುಗಡ್ಡೆಯ ಮೇಲೆ. ಹದಿಮೂರನೇ ಇಸವಿಯೋ ಹದಿನಾಲ್ಕೋ ಇರಬೇಕು. ಮಗಳು ಶ್ರೇಯಾ ಮಾಲ್ ಒಂದರೊಳಗೆ ಮಂಜುಗಡ್ಡೆ ಹಾಸಿದ ರಿಂಕ್‌ನಲ್ಲಿ ಸ್ಕೇಟಿಂಗ್ ಕಲಿಯುತ್ತಿದ್ದಳು. ಅವಳನ್ನು ಕಾಯುತ್ತ ಸ್ವೆಟರು ಹಾಕಿಕೊಂಡು ಕೂತು ನಡುಗುವ ಬದಲು ಓಡಾಡಿದರೆ ಮೈ ಬೆಚ್ಚಗಾಗುತ್ತದೆಂದು ನಾನೂ ಕಾಲಿಗೆ ಸ್ಕೇಟ್ ಕಟ್ಟಿಕೊಂಡೆ. ಒಂದು ದಿನ ಗೋಡೆ ಹಿಡಿದುಕೊಂಡು ಜಾರುತ್ತ ಫೋನಿನಲ್ಲಿ ಅಣ್ಣನ ಹತ್ತಿರ ತುಳುವಿನಲ್ಲಿ ಮಾತಾಡುತ್ತಿದ್ದಾಗ, ಭೂತಕೋಲದವರು ಬೆನ್ನಿಗೆ ಕಟ್ಟುವ ಅಣಿಯಷ್ಟು ದೊಡ್ಡ ಕಾಲುಪಟ್ಟಿ ಕಟ್ಟಿಕೊಂಡ ಒಬ್ಬ ಎದುರು ಬಂದು ನಿಂತು, "ಊರೆಲ್ಲಿ ಅಣ್ಣಾ?" ಎಂದ. ಕಾಪು ಎಂದೆ. "ನಮ್ದು ಉಳ್ಳಾಲ. ಶುಕ್ರವಾರ ಬೆಳಿಗ್ಗೆ ಆರೂವರೆಗೆ ಬನ್ನಿ. ಒಬ್ಬರು ಕಡಿಮೆ ಉಂಟು." ಹೀಗೆ ನನ್ನ ಆಯ್ಕೆಯಾಯಿತು. ಸ್ಕೇಟಿಂಗ್ ಬರುತ್ತದೆಯೇ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅವನೇ ಹಮೀದ್. ಅಲ್ ಕೂಜ್‌ನಲ್ಲಿ ಗ್ಯಾರೇಜು. ಹುಟ್ಟಿದ್ದು ಉಳ್ಳಾಲ, ಬೆಳೆದದ್ದು ಪೂರಾ ದುಬೈ. ಚಿಕ್ಕಂದಿನಿಂದ ಗೋಲು ಕಾಯುವುದೇ ಅವನ ಹುಚ್ಚು. ನಮ್ಮ ವಾಟ್ಸ್ಯಾಪ್ ಗುಂಪಿನ ಯಜಮಾನನೂ ಅವನೇ. ಯಾರು ಬಿಳಿ ಅಂಗಿಯ ಪಾರ್ಟಿ, ಯಾರು ಕಪ್ಪು ಅಂಗಿಯ ಪಾರ್ಟಿ, ಯಾರ ಬದಲಿಗೆ ಯಾರು ಎಂದು ಗುರುವಾರ ಅವನು ಪಟ್ಟಿ ಹಾಕುತ್ತಾನೆ. ಈ ಆಟದಲ್ಲಿ ಗೋಲು ಕಾಯುವವನೆಂದರೆ ಮದುವೆ ಮನೆಯ ಅಡುಗೆ ಭಟ್ಟರ ಹಾಗೆ. ಅವನೊಬ್ಬ ಬರದಿದ್ದರೆ ಉಳಿದವರೆಲ್ಲ ಬಂದೂ ಪ್ರಯೋಜನವಿಲ್ಲ. ಆದ್ದರಿಂದ ಅವನಿಗೆ ಯಾರೂ ಎದುರು ಮಾತಾಡುವುದಿಲ್ಲ.

ಉಳಿದ ಆಟಗಾರರ ಬಗ್ಗೆ ನಾನು ಹೇಳಬೇಕಾದದ್ದು ಬಹಳವಿದೆ, ಅವರಿಗೆ ಕನ್ನಡ ಬರುವುದಿಲ್ಲವಾದ್ದರಿಂದ ಧೈರ್ಯವಾಗಿ ಹೇಳುತ್ತೇನೆ. ವಾರಕ್ಕೊಂದು ಹೊಸ ಸಾಮಾನು ಕೊಳ್ಳುವವನೊಬ್ಬನಿದ್ದ. ಮೊಣಕೈಗೆ, ಮೊಣಕಾಲಿಗೆ, ಕತ್ತಿಗೆ, ಹೀಗೆ ಅದನ್ನೆಲ್ಲ ಕಟ್ಟಿ ಮುಗಿಸುವಷ್ಟರಲ್ಲಿ ಅರ್ಧ ಆಟ ಮುಗಿದು, ಅವನು ಬಹಳ ಶೋಭೆಯಿಂದ ಒಳಗೆ ಬರುತ್ತಿದ್ದ. ಇನ್ನೊಬ್ಬ ಗುರಿ ತಪ್ಪಿದಾಗಲೆಲ್ಲ ತನ್ನ ಕೋಲನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ, ತಪ್ಪು ಮಾಡಿದ ಸೇಲ್ಸ್‌ಮನ್ನನ್ನು ಅಂಗಡಿ ಯಜಮಾನ ನೋಡುವ ಹಾಗೆ. ಡೇವ್ ಎಂಬ ಕೆನಡಾದ ಎಂಜಿನಿಯರಿಗೆ ಎಲ್ಲವನ್ನೂ ನೇರ ಹೇಳುವ ಕಾಯಿಲೆ. ನಾನು ಮೊದಲ ಸಲ ಬಿದ್ದಾಗ, "ಇನ್ನೊಮ್ಮೆ ಬೀಳುವಾಗ ದಯವಿಟ್ಟು ದಾರಿ ಬಿಟ್ಟು ಬೀಳು" ಎಂದಿದ್ದ. ಅವನ ದೇಶದಲ್ಲಿ ಇದು ಬೈಗುಳವಲ್ಲವಂತೆ, ಸಲಹೆಯಂತೆ. ಇನ್ನು ಆಟದ ಚೀಲದ ವಾಸನೆ. ಅದು ಎಲ್ಲರಿಗೂ ಸಮಾನ. "ಒಣಮೀನಿನ ಅಂಗಡಿಯವರ ಮಗಳು ನಾನು. ಆದರೂ ಹೇಳ್ತೇನೆ, ಇದು ಬಾಲ್ಕನಿಯಲ್ಲೇ ಇರಲಿ," ಎಂದಳು ರೇಖಾ.

ಇವರನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದವರೆಂದರೆ ಡಾಕ್ಟರ್ ಲ್ಯಾನ್ಸಿ. ಮಂಗಳೂರಿನವರು, ಹಲ್ಲಿನ ಡಾಕ್ಟರು, ಕೆನಡಾದಲ್ಲಿ ಕೆಲವು ವರ್ಷ ಇದ್ದು ಆಟ ಕಲಿತು ಬಂದವರು. ಈ ಆಟದಲ್ಲಿ ಒಂದು ಪದ್ಧತಿಯಿದೆ. ಒಂದು ಕಡೆಗೆ ಗೋಲು ಕಾಯುವವನಲ್ಲದೆ ಐದೇ ಜನ ಮಂಜಿನ ಮೇಲೆ. ಉಳಿದವರು ಅಂಚಿನ ಬೆಂಚಿನಲ್ಲಿ. ಒಂದು ನಿಮಿಷ ಓಡಿದರೆ ಎಂಥವನಿಗೂ ಉಸಿರು ನಿಲ್ಲುತ್ತದೆ, ಆಗ ಅವನು ತಾನಾಗಿ ಬೆಂಚಿಗೆ ಬರಬೇಕು, ಅವನ ಜಾಗಕ್ಕೆ ಕಾಯುತ್ತಿರುವವನು ಹಾರಿ ಹೋಗಬೇಕು. ಆಟ ನಿಲ್ಲುವುದಿಲ್ಲ, ಯಾರೂ ಸೀಟಿ ಊದಿ ಕರೆಯುವುದಿಲ್ಲ. ಎಲ್ಲ ಮರ್ಯಾದೆಯ ಮೇಲೆ ನಡೆಯುವ ವ್ಯವಹಾರ. ಹಮೀದನ ಪಟ್ಟಿಯ ಪ್ರಕಾರ ಡಾಕ್ಟರು ಹೊರಗೆ ಬಂದಾಗ ಒಳಗೆ ಹೋಗಬೇಕಾದವನು ನಾನು. ಡಾಕ್ಟರು ಹೊರಗೆ ಬರುತ್ತಿರಲಿಲ್ಲ.

ನಾನು ಬೆಂಚಿನ ಬಾಗಿಲ ಬಳಿ ಹೆಲ್ಮೆಟ್ ಕಟ್ಟಿ, ಕೋಲು ಹಿಡಿದು, ಬಸ್ಸಿಗೆ ಕಾಯುವವನಂತೆ ಬಗ್ಗಿ ನಿಂತಿರುತ್ತಿದ್ದೆ. ಡಾಕ್ಟರು ನಮ್ಮ ಕಡೆ ತಿರುಗುತ್ತಿದ್ದರು, ಎರಡು ಹೆಜ್ಜೆ ಬರುತ್ತಲೂ ಇದ್ದರು, ಮತ್ತೆ ಏನೋ ನೆನಪಾದವರಂತೆ ವಾಪಸು ಹೋಗಿಬಿಡುತ್ತಿದ್ದರು. ಒಂದು ಶುಕ್ರವಾರ ಅವರು ಹದಿನೇಳು ನಿಮಿಷ ಒಳಗೇ ಇದ್ದರೆಂದು ನನ್ನ ನೆನಪು. ಮನೆಗೆ ಬಂದು ರೇಖಾಳಿಗೆ ಹೇಳುವಾಗ ಅದು ಇಪ್ಪತ್ತೆರಡಾಗಿತ್ತು, ಭಾನುವಾರ ಆಫೀಸಿನಲ್ಲಿ ಅರ್ಧ ಗಂಟೆ. ಈಗ ಯಾವುದು ಸರಿಯೆಂದು ನನಗೂ ತಿಳಿಯದು. ಗಡಿಯಾರ ನೋಡಿದ್ದೆನೋ ಇಲ್ಲವೋ, ಸಿಟ್ಟು ಮಾತ್ರ ಬಂದಿತ್ತು.

ಸುಮ್ಮನಿರುತ್ತಿದ್ದೆನೇನೋ, ಅಷ್ಟರಲ್ಲಿ ಅಬುಧಾಬಿಯ ಗುಂಪಿನವರು ನಮ್ಮನ್ನು ಒಂದು ಪಂದ್ಯಕ್ಕೆ ಕರೆದರು. ಶ್ರೇಯಾ ನೋಡಲು ಬರುತ್ತೇನೆಂದಳು. ಅವಳು ನನ್ನ ಆಟ ನೋಡಿಯೇ ಇರಲಿಲ್ಲ. ಇಲ್ಲಿ ರಜಾದಿನವಾದ ಶುಕ್ರವಾರ ಬೆಳಿಗ್ಗೆ ಅವಳನ್ನು ಎಬ್ಬಿಸುವ ಶಕ್ತಿ ಯಾರಿಗೂ ಇಲ್ಲ. ನನ್ನ ಆಟದ ಬಗ್ಗೆ ಅವಳಿಗೆ ಗೊತ್ತಿದ್ದುದೆಲ್ಲ ನಾನು ಊಟದ ಮೇಜಿನಲ್ಲಿ ಹೇಳಿದ್ದು. ಹೇಳಿದ್ದು ಸ್ವಲ್ಪ ಹೆಚ್ಚೇ ಇತ್ತು. "ಪಪ್ಪಾ, ಆರ್ ಯು ಲೈಕ್, ಮೇನ್ ಪ್ಲೇಯರ್?" ಎಂದು ಕೇಳಿದಾಗ ನಾನು ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆಯುವುದರಲ್ಲಿ ಮಗ್ನನಾದೆ. ನೂರೈವತ್ತು ಕಿಲೋಮೀಟರು ಬಂದು ಮಗಳು ನೋಡುವುದು ಬೆಂಚಿನ ಮೇಲೆ ಕೂತ ಅಪ್ಪನನ್ನು. ಈ ಯೋಚನೆಯಿಂದ ಎರಡು ದಿನ ಅನ್ನ ರುಚಿಸಲಿಲ್ಲ.

ಹಮೀದನ ಗ್ಯಾರೇಜಿಗೆ ಹೋಗಿ, ಕಾರಿನ ಶಬ್ದ ತೋರಿಸುವ ನೆಪದಲ್ಲಿ ವಿಷಯ ತೆಗೆದೆ. "ಡಾಕ್ಟ್ರಿಗೆ ನೀನೊಂದು ಮಾತು ಹೇಳು ಮಾರಾಯ. ಒಂದು ನಿಮಿಷಕ್ಕೆ ಹೊರಗೆ ಬರ್ಲಿಕ್ಕೆ ಹೇಳು."

ಹಮೀದ್ ಬಾನೆಟ್ಟಿನೊಳಗೆ ತಲೆ ಹಾಕಿದವನು ತೆಗೆಯಲಿಲ್ಲ. "ಎಂತ ಹೇಳುವುದು ಸುರೇಶಣ್ಣ, ಊರಿನವರು."

"ಊರಿನವರಾದ್ರೆ ಎಂತ? ನಾನು ಊರಿನವನಲ್ವಾ?"

"ಅದೇ ಅಲ್ವಾ ಕಷ್ಟ," ಎಂದ ಬಾನೆಟ್ಟಿನೊಳಗಿನಿಂದಲೇ. "ನೀವೇ ಒಮ್ಮೆ ಡಾಕ್ಟ್ರ ಹತ್ರ ಮಾತಾಡಿ. ಬರ್ ದುಬೈಯಲ್ಲಿ ಕ್ಲಿನಿಕ್ ಉಂಟು."

ಹಾಗೆ ನಾನು ಕ್ಲಿನಿಕ್ಕಿಗೆ ಹೋದೆ. ನೇರ ಹೋಗಿ ಜಗಳವಾಡುವ ಜಾಯಮಾನ ನನ್ನದಲ್ಲವಾದ್ದರಿಂದ ರೋಗಿಯಾಗಿ ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಹೋದೆ. ಹಲ್ಲಿಗೆ ಏನೂ ಆಗಿರಲಿಲ್ಲ. ದಾರಿಯುದ್ದಕ್ಕೂ, ಬಟ್ಟೆ ಅಂಗಡಿಗಳ ಸಾಲು ದಾಟುವಾಗಲೂ, ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದೆ. "ಡಾಕ್ಟ್ರೆ, ತಪ್ಪು ತಿಳಿಯಬೇಡಿ" ಎಂದು ಆರಂಭ. ಡಾಕ್ಟರು ಬಹಳ ಸಂತೋಷಪಟ್ಟರು. ನನ್ನನ್ನು ಕುರ್ಚಿಯಲ್ಲಿ ಒರಗಿಸಿ, ದೀಪ ಹಚ್ಚಿ, "ದೊಡ್ಡ ಬಾಯಿ ಮಾಡಿ" ಎಂದರು. ನೋಡಿದರು. "ಅರೆ, ಇಲ್ಲಿ ಹುಳುಕು ಉಂಟಲ್ಲ," ಎಂದರು. ನೆಪಕ್ಕೆ ತೋರಿಸಿದ ಹಲ್ಲು ನಿಜವಾಗಿ ಕೆಟ್ಟಿತ್ತು. ಸೂಜಿ ಚುಚ್ಚಿದರು, ತುಟಿ ಮರಗಟ್ಟಿತು, ಬಾಯಿಗೆ ಎರಡು ಕಡೆ ಹತ್ತಿ ತುರುಕಿದರು. ಆಮೇಲೆ ಒಂದು ಸ್ಟೂಲ್ ಎಳೆದುಕೊಂಡು ಕೂತು ಹೇಳಿದರು:

"ಸುರೇಶಣ್ಣ, ನಿಮ್ಮ ಹತ್ರ ಒಂದು ವಿಷಯ ಹೇಳ್ಬೇಕಿತ್ತು. ನೀವು ಮಾತಾಡದ ಹಾಗೆ ಇರುವಾಗಲೇ ಹೇಳಿಬಿಡ್ತೇನೆ. ನನ್ನ ಮೊಣಕಾಲು ಹೋಗಿ ಆರು ತಿಂಗಳಾಯ್ತು. ಒಂದು ನಿಮಿಷ ಓಡಿದ್ರೆ ಜೀವ ಹೋಗ್ತದೆ. ಬೆಂಚಿಗೆ ಬರೋಣ ಅಂತ ತಿರುಗಿದ್ರೆ ಹಮೀದ್ ಗೋಲಿನಿಂದ ತಲೆ ಅಲ್ಲಾಡಿಸ್ತಾನೆ. ಡೇವ್ ಕೈ ತೋರಿಸ್ತಾನೆ, ಅಲ್ಲೇ ಇರು ಅಂತ."

ಯಾಕೆ ಎಂದು ಕೇಳಿದೆ. ಹೊರಬಂದದ್ದು "ಆಆ" ಎಂದು. ಹಲ್ಲಿನ ಡಾಕ್ಟರಿಗೆ ಆ ಭಾಷೆ ಗೊತ್ತಿರುತ್ತದೆ.

"ನೀವು ಒಳಗೆ ಬಂದ್ರೆ ಗೋಲು ಆಗ್ತದೆ. ನಮಗಲ್ಲ, ಅವರಿಗೆ. ಯಾಕೆ ಹೇಳಿ? ಬಿದ್ದವರನ್ನೆಲ್ಲ ನೀವು ಎಬ್ಬಿಸ್ತೀರಿ. ಪಕ್ ಅತ್ತ ಹೋಗ್ತಾ ಇರ್ತದೆ, ನೀವು ಇತ್ತ ಎದುರು ಪಾರ್ಟಿಯವನಿಗೆ ಕೈ ಕೊಟ್ಟು ಪೆಟ್ಟಾಯ್ತಾ ಅಂತ ಕೇಳ್ತಾ ಇರ್ತೀರಿ. ಒಮ್ಮೆ ಒಬ್ಬನ ಹೆಲ್ಮೆಟ್ಟಿನ ಪಟ್ಟಿ ಸರಿ ಮಾಡಿ ಕೊಟ್ರಿ. ಅಷ್ಟರಲ್ಲಿ ಅವರದ್ದು ಎರಡು ಗೋಲು."

ಪಕ್ ಎಂದರೆ ಈ ಆಟದಲ್ಲಿ ಚೆಂಡಿನ ಬದಲಿಗಿರುವ ರಬ್ಬರ್ ಬಿಲ್ಲೆ. ಅದು ಆಗ ಎಲ್ಲಿತ್ತೋ ನನಗೆ ನೆನಪಿಲ್ಲ. ಹೆಲ್ಮೆಟ್ಟಿನ ಪಟ್ಟಿಯೂ ನೆನಪಿಲ್ಲ. ಆದರೆ ಆ ಮನುಷ್ಯ ಆಮೇಲೆ ನನಗೆ ಖರ್ಜೂರದ ಡಬ್ಬಿ ತಂದುಕೊಟ್ಟಿದ್ದು ನೆನಪಿದೆ, ಯಾಕೆಂದು ಮಾತ್ರ ಅಂದು ಹೊಳೆದಿರಲಿಲ್ಲ.

"ಡೇವ್ ನೇರ ನಿಮಗೇ ಹೇಳ್ತೇನೆ ಅಂದ," ಎಂದರು ಡಾಕ್ಟರು ಹಲ್ಲು ಕೊರೆಯುತ್ತ. "ಹಮೀದ್ ಅವನ ಕೈಕಾಲು ಹಿಡಿದು ನಿಲ್ಲಿಸಿದ. ಊರಿನವರು, ಮನಸ್ಸಿಗೆ ಬೇಜಾರಾಗ್ತದೆ ಅಂತ. ಅವನ ದಾಕ್ಷಿಣ್ಯ, ನನ್ನ ಮೊಣಕಾಲು."

ಆರು ತಿಂಗಳಿಂದ ನಾನು ಬೈದದ್ದು ಒಬ್ಬ ಕುಂಟುವ ಮನುಷ್ಯನನ್ನು. ಹತ್ತಿ ತೆಗೆದ ಮೇಲೆ, ಅರ್ಧ ತುಟಿಯಲ್ಲಿ, ನಾನು ಬಾಯಿಪಾಠ ಮಾಡಿದ್ದನ್ನೆಲ್ಲ ಬಿಟ್ಟು ಒಂದೇ ಮಾತು ಹೇಳಿದೆ: "ಅಬುಧಾಬಿಗೆ ಮಗಳು ಬರ್ತಾಳೆ ಡಾಕ್ಟ್ರೆ." ಮಾತು ಪೂರ್ತಿ ಹೊರಡಲಿಲ್ಲ, ಬದಲಿಗೆ ಗಲ್ಲದ ಮೇಲೆ ಸ್ವಲ್ಪ ಜೊಲ್ಲು ಇಳಿಯಿತು. ಡಾಕ್ಟರಿಗೂ ಮಗಳಿದ್ದಾಳೆ. ಟಿಶ್ಯೂ ಕೊಟ್ಟು, "ಅಲ್ಲಿ ಹಮೀದ್ ತಲೆ ಅಲ್ಲಾಡಿಸಿದ್ರೂ ನಾನು ನೋಡುವುದಿಲ್ಲ. ಒಂದು ನಿಮಿಷಕ್ಕೆ ಹೊರಗೆ ಬರ್ತೇನೆ," ಎಂದರು. "ಆದ್ರೆ ಯಾರನ್ನೂ ಎಬ್ಬಿಸ್ಬಾರ್ದು. ಸತ್ತರೂ."

ಅಬುಧಾಬಿಯ ಆ ಮಧ್ಯಾಹ್ನದ ಬಗ್ಗೆ ನನ್ನದೊಂದು ನೆನಪಿದೆ, ಶ್ರೇಯಾಳದು ಬೇರೆಯೇ ಇದೆ, ರೇಖಾ ಫೋನಿನಲ್ಲಿ ತೆಗೆದ ವಿಡಿಯೋದಲ್ಲಿ ಅವಳ ಹೆಬ್ಬೆರಳೇ ಹೆಚ್ಚು ಕಾಣುತ್ತದೆ. ಮೂರಕ್ಕೂ ಒಪ್ಪಿಗೆಯಾಗುವುದಿಷ್ಟು. ಡಾಕ್ಟರು ಮಾತಿಗೆ ತಪ್ಪದೆ ಒಂದು ನಿಮಿಷಕ್ಕೆ ಹೊರಗೆ ಬಂದರು. ನಾನು ಒಳಗೆ ಹೋದೆ. ಒಬ್ಬ ನನ್ನ ಮುಂದೆಯೇ ಬಿದ್ದ, ದೊಡ್ಡ ಮನುಷ್ಯ, ಪಾಪ, ಸೊಂಟಕ್ಕೇ ಪೆಟ್ಟಾಗಿರಬೇಕು. ನನ್ನ ಕೈ ತಾನಾಗಿ ಮುಂದೆ ಹೋಯಿತು. ಅದನ್ನು ಹಿಂದೆ ಎಳೆದುಕೊಂಡು ಅವನನ್ನು ಸುತ್ತಿ ಮುಂದೆ ಹೋದೆ. ಪಕ್ಕನ್ನು ನಾನು ತಡೆದೆ. ಅದು ಬಂದು ನನಗೆ ಬಡಿಯಿತು ಎನ್ನುವುದು ಶ್ರೇಯಾಳ ವಾದ. ಹೇಗಾದರೇನು, ಗೋಲು ಆಗಲಿಲ್ಲ. ಗ್ಯಾಲರಿಯಿಂದ "ಗೋ ಪಪ್ಪಾ" ಎಂಬ ಕೂಗು ಕೇಳಿಸಿತು. ಆ ಕೂಗು ಕೇಳಿದ ಮೇಲೆ ಹೊರಗೆ ಹೋಗುವುದು ಹೇಗೆ, ನೀವೇ ಹೇಳಿ.

ನಿಮಿಷ ಮುಗಿದಿರಬೇಕು. ಬೆಂಚಿನ ಕಡೆಯಿಂದ ಹಲಗೆಗೆ ಕೋಲು ಬಡಿಯುವ ಸದ್ದು ಕೇಳುತ್ತಿತ್ತು, ಪ್ರೋತ್ಸಾಹ ಎಂದುಕೊಂಡೆ. ಹಮೀದ್ ಗೋಲಿನಿಂದ, "ಸುರೇಶಣ್ಣ, ಸಾಕು, ಖಲಾಸ್, ಬನ್ನಿ," ಎಂದು ಕೂಗಿದ. ಅವನು ಎದುರು ಪಾರ್ಟಿಯವರನ್ನು ಹೆದರಿಸುತ್ತಿದ್ದಾನೆಂದು ತಿಳಿದೆ. ಆಮೇಲಿನ ಗೋಲುಗಳಿಗೆ ನಾನೊಬ್ಬನೇ ಕಾರಣನಲ್ಲ. ಏಳಕ್ಕೆ ಎರಡರಲ್ಲಿ ಸೋತೆವು. ವಾಪಸು ಬರುವಾಗ ಕಾರಿನಲ್ಲಿ ಶ್ರೇಯಾ, "ಪಪ್ಪಾ, ಯು ನೆವರ್ ಕೇಮ್ ಆಫ್," ಎಂದಳು, ಒಳಗೆ ಹೋದವನು ಬೆಂಚಿಗೆ ಬರಲೇ ಇಲ್ಲ ಎಂಬ ಅರ್ಥದಲ್ಲಿ. ಅದು ಮೆಚ್ಚುಗೆಯೋ ಅಲ್ಲವೋ ಎಂದು ಬಿಡಿಸಿ ಕೇಳಲು ಹೋಗಲಿಲ್ಲ.

ಮುಂದಿನ ಶುಕ್ರವಾರವೂ ನಾನು ಒಳಗೆ ಹೋದವನು ಬೇಗ ಹೊರಗೆ ಬರಲಿಲ್ಲ. ಅದರ ಮುಂದಿನದೂ ಹಾಗೆಯೇ. ಯಾರೂ ನನಗೆ ಏನೂ ಹೇಳಲಿಲ್ಲ. ಡೇವ್ ಎರಡು ಸಲ ಬಾಯಿ ತೆರೆದ, ಎರಡು ಸಲವೂ ಹಮೀದ್ ಅವನನ್ನು ಆಚೆ ಕರೆದುಕೊಂಡು ಹೋದ. ಆಟ ಮುಗಿದ ಮೇಲೆ ಹಮೀದ್ ನನಗೆ ಕಡಕ್ ಚಹಾ ಕುಡಿಸಿ, ಬೆನ್ನು ಸವರಿ, ಬಹಳ ಪ್ರೀತಿಯಿಂದ, "ಹಲ್ಲು ಹೇಗುಂಟು ಸುರೇಶಣ್ಣ? ಎಂತಕ್ಕೂ ಇನ್ನೊಮ್ಮೆ ಡಾಕ್ಟ್ರಿಗೆ ತೋರಿಸಿ ಬನ್ನಿ. ಅವರೂ ಕೇಳ್ತಾ ಇದ್ರು," ಎಂದ.

ಹಲ್ಲು ಗಟ್ಟಿಯಾಗಿದೆ ಎಂದೆ. ನಿಜ ಹೇಳಬೇಕೆಂದರೆ ಎಡಗಡೆಯ ಇನ್ನೊಂದು ದವಡೆ ಹಲ್ಲು ಒಂದು ತಿಂಗಳಿಂದ ಜುಮುಜುಮು ಎನ್ನುತ್ತಿತ್ತು. ಲವಂಗ ಕಚ್ಚಿಕೊಂಡು ಆಡುತ್ತಿದ್ದೆ.