ನಮ್ಮ ಹೊಸಿಲಿನ ಅಲಾರಂ

ತುಮಕೂರಿನಲ್ಲಿ ತಂಗಿಯ ಮದುವೆ. ನಾಲ್ಕು ದಿನ ಮುಂಚೆಯೇ ಹೋಗಬೇಕೆಂದು ನನ್ನಾಸೆ. ನಮ್ಮವರದು ಮಾತ್ರ ಒಂದೇ ರಾಗ: "ಆರ್.ಟಿ. ನಗರದಲ್ಲಿ ಇನ್ನೂ ಅರ್ಧ ಸೈಟುಗಳು ಖಾಲಿ. ಇಬ್ಬರೂ ಬೀಗ ಹಾಕಿ ಹೊರಟರೆ ಕಳ್ಳರಿಗೂ ಲಗ್ನಪತ್ರಿಕೆ ಕೊಟ್ಟ ಹಾಗೆ ಕಣೇ!"

ಕೊನೆಗೆ ಅವರೇ ಕಾರ್ಖಾನೆಯ ಗೆಳೆಯರಿಂದ, ಬಾಗಿಲು ತೆರೆದರೆ ಬಡಿಯುವ ಒಂದು ಅಲಾರಂ ಮಾಡಿಸಿ ತಂದರು. ಹೊಸಿಲಿನಲ್ಲಿ ಪುಟ್ಟ ಸ್ವಿಚ್ಚು, ಸಜ್ಜದ ಕೆಳಗೆ ಬೋಗುಣಿಯಷ್ಟು ದೊಡ್ಡ ಗಂಟೆ. ಠಾಣೆಗೂ ಹೋಗಿ ತಿಳಿಸಿದೆವು. ಇನ್‌ಸ್ಪೆಕ್ಟರು ನಿಯಮ ಹೇಳಿದರು: ಕಳ್ಳನಿಲ್ಲದೆ ಬಡಿದರೆ ಪ್ರತಿ ಸಲವೂ ಲಿಖಿತ ವಿವರಣೆ, ಮೂರನೆಯ ಸಲಕ್ಕೆ ವೈರು ಕತ್ತರಿಸಲಾಗುವುದು!

"ನಮ್ಮನೇಲಿ ಹಾಗೆಲ್ಲ ಆಗಲ್ಲ ಸಾರ್," ಎಂದೆ, ಬಹಳ ಗಾಂಭೀರ್ಯದಿಂದ.

ಮರುದಿನ ಬೆಳಿಗ್ಗೆ ರಂಗೋಲಿ ಡಬ್ಬಿ ಹಿಡಿದು ಬಾಗಿಲು ತೆಗೆದೆ. ಟ್ರಿಣ್‌ಣ್‌ಣ್! ಮೊದಲ ಚುಕ್ಕಿ ಇಡುವಷ್ಟರಲ್ಲಿ ಬೀದಿಯೆಲ್ಲ ನಮ್ಮ ಗೇಟಿನ ಮುಂದೆ. ಯಾರೋ ಫೋನ್ ಮಾಡಿದ್ದರಂತೆ, ಪೇದೆ ಸಿದ್ದಪ್ಪನವರು ಸೈಕಲ್ಲಿನಲ್ಲಿ ಏದುಸಿರು ಬಿಡುತ್ತಾ ಬಂದರು. ಆತುರದಲ್ಲಿ ಪ್ಯಾಂಟಿನ ಒಂದೇ ಕಾಲಿಗೆ ಕ್ಲಿಪ್ಪು ಹಾಕಿಕೊಂಡಿದ್ದರು.

"ಕಳ್ಳ ಎಲ್ಲಮ್ಮಾ?"

"ನಾನೇ ಕಣ್ರೀ."

ಅವರಿಗೆ ಕಾಫಿ ಕೊಟ್ಟು, ಕಾನ್ವೆಂಟಿನಲ್ಲಿ ಸಿಸ್ಟರ್ ತಿದ್ದಿಸಿದ ದುಂಡಗಿನ ಇಂಗ್ಲಿಷಿನಲ್ಲಿ ಎರಡು ಪುಟ ವಿವರಣೆ ಬರೆದುಕೊಟ್ಟೆ.

ಎರಡನೆಯ ಸಲ, ಹಗಲಿನಲ್ಲಿ ಆರಿಸುವುದನ್ನು ಮರೆತಿದ್ದೆ. ಎದುರು ಮನೆಯ ಮೆಹರುನ್ನೀಸಾ ಹಬ್ಬದ ಶ್ಯಾವಿಗೆ ಪಾಯಸ, ಶೀರ್ ಖುರ್ಮಾ ಹಿಡಿದು, ಎಂದಿನಂತೆ ಬಾಗಿಲು ತಳ್ಳಿಕೊಂಡೇ ಬಂದರು. ಗಂಟೆಗೆ ಬೆಚ್ಚಿ ಅರ್ಧ ಖುರ್ಮಾ ಸೀರೆಯ ಮೇಲೆ!

"ಯಾ ಅಲ್ಲಾ! ನಿಮ್ಮನೇಗೆ ಬರೋಕೂ ಪರ್ಮಿಷನ್ ಬೇಕಾ ಬೆಹನ್?"

ಉಳಿದರ್ಧವನ್ನು ಸಿದ್ದಪ್ಪನವರು ತಿಂದು, ಎರಡು ಬೆರಳು ತೋರಿಸಿ ಹೋದರು.

ಶುಕ್ರವಾರ ಬಂತು. ಮಾರನೆಯ ದಿನವೇ ಪ್ರಯಾಣ. ಈ ಸಲ ಜಾಣತನದಿಂದ ಮೊದಲು ಅಲಾರಂ ಆರಿಸಿದೆ. ಎರಡು ಚೊಂಬು ನೀರು ಸುರಿದು ಹೊಸಿಲು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು ಕೈಮುಗಿದೆ. ಆಮೇಲೆ ಅಲಾರಂ ಹಾಕಿದೆ. ಸ್ವಿಚ್ಚಿನೊಳಗೆ ನೀರಿಳಿದಿತ್ತು; ಗಂಟೆ ಬಡಿಯಿತು, ನಿಲ್ಲಲೇ ಇಲ್ಲ! ನಮ್ಮವರು ಅರ್ಧ ಮುಖದ ಸೋಪಿನ ನೊರೆಯೊಂದಿಗೆ ಓಡಿ ಬಂದರು.

ಸಿದ್ದಪ್ಪನವರೂ ಬಂದರು. "ಕಾಫಿ ಬೇಡಮ್ಮ. ಕಟಿಂಗ್ ಪ್ಲೇಯರ್ ತಂದಿದೀನಿ."

"ಆಯ್ತಲ್ಲ! ನೀನೊಬ್ಬಳೇ ಹೋಗಿ ಬಾ. ನಾನು ಮನೆ ಕಾಯ್ತೀನಿ," ಎಂದರು ನಮ್ಮವರು. ನನ್ನ ಕಣ್ಣಲ್ಲಿ ನೀರು ತುಂಬಿತು.

ಗೇಟಿನ ಬಳಿ ನಿಂತಿದ್ದ ಮೆಹರುನ್ನೀಸಾ ನಕ್ಕರು. "ಇಬ್ರೂ ಹೋಗಿ ಬನ್ನಿ. ನಾನು ಜಗಲಿ ಮೇಲೆ ಹುಣಸೆಹಣ್ಣು ಬಿಡಿಸ್ತಾ ಕೂತಿರ್ತೀನಿ. ನನ್ ಕಣ್ ತಪ್ಪಿಸಿ ಯಾರ್ ಬರ್ತಾರೆ?"

ಹೋದೆವು. ಮದುವೆ ಸೊಗಸಾಗಿ ನಡೆಯಿತು. ನಮ್ಮವರು ಒತ್ತಾಯವಿಲ್ಲದೆಯೇ ಹೋಳಿಗೆ ಹಾಕಿಸಿಕೊಂಡರು.

ವಾಪಸು ಬಂದಾಗ ಮೆಹರುನ್ನೀಸಾ ನನ್ನ ಕೈಗೊಂದು ಕೀ ಇಟ್ಟರು.

"ಇದ್ಯಾವುದು?"

"ನಮ್ ಕೋಳಿ ಹುಡುಕೋಕೆ ನಿಮ್ ಹಿತ್ತಲಿಗೆ ಹೋಗಿದ್ದೆ ಬೆಹನ್. ಹಿಂದಿನ ಬಾಗಿಲು ಪೂರಾ ತೆಗೆದಿತ್ತು. ನಮ್ ಬೀಗಾನೇ ಹಾಕಿದೀನಿ."

ನಮ್ಮವರು ನನ್ನ ಮುಖ ನೋಡಿದರು. ನಾನು ಕೀ ನೋಡುತ್ತಾ ನಿಂತೆ. "ಎಲ್ಲ ಬಾಗಿಲನ್ನೂ ನಾನೇ ನೋಡಿ ಹಾಕಿದೀನಿ, ನೀವು ನೆಮ್ಮದಿಯಾಗಿರಿ," ಎಂದು ಬಸ್ಸಿನಲ್ಲಿ ತುಮಕೂರಿನವರೆಗೂ ಅವರಿಗೆ ಧೈರ್ಯ ಹೇಳಿದ್ದವಳು ನಾನೇ!